ರೇಷ್ಮೆಗೂಡಿನ ರೋಮನ್ ದಂಡು

"ಈ ಕಂಪ್ಯೂಟರ್ ಆಟ ಮಾಡಿದೋನಿಗೆ ದಂಡು ಕಟ್ಟೋಕೇ ಬರಲ್ಲ! ರೋಮಿನ ದಂಡು ಅಂದ್ರೆ ಏನು ಅಂತ ನಾನು ತೋರಿಸ್ತೀನಿ!"

ಸಾದಲಿಯ ವೆಂಕಟರವಣಪ್ಪ ಹೀಗೆ ಮೀಸೆ ತಿರುವಿದ ಏಟಿಗೆ ಅವರ ಮಂಡಿನೋವೇ ಗಾಬರಿಬಿದ್ದು ಒಂದು ಗಳಿಗೆ ಸುಮ್ಮನಾಯಿತು. ಮೊಮ್ಮಗಳು ತನುಜಳ ಲ್ಯಾಪ್‌ಟಾಪಿನ ಯುದ್ಧದಾಟದಲ್ಲಿ ಅವರು ಅವಳ ಕೈಲಿ ಸೋಲದ ದಿನವಿಲ್ಲ. ಶಾಲೆಗೆ ಮಣ್ಣು ಹೊತ್ತದ್ದು ಏಳನೇ ಕ್ಲಾಸಿನವರೆಗೆ ಮಾತ್ರ. ಆದರೂ ಫೋನು ಕೆದಕಿ ಕೆದಕಿ ರೋಮನ್ನರ ಜಾತಕವನ್ನೇ ಜಾಲಾಡಿದ್ದರು.

"ನೋಡೇ ಆಂಜಿ, ಒಂದು ದಂಡಿಗೆ ಹತ್ತು ಪಡೆ. ಒಂದೊಂದು ಪಡೆಗೆ ನೂರಾಳಿನ ಗುಂಪು ಆರು. ಹೆಸರಿಗೆ ನೂರಾಳು, ಇರೋದು ಮಾತ್ರ ಎಂಬತ್ತೇ!"

ಹೆಂಡತಿ ಆಂಜಿನಮ್ಮ ಸೊಪ್ಪು ಬಿಡಿಸುತ್ತಲೇ ಕೇಳಿದರು, "ಮಿಕ್ಕ ಇಪ್ಪತ್ತಾಳಿನ ಕೂಲಿ ಯಾರು ತಿಂತಿದ್ರು?"

ನಮ್ಮ ಸೇನಾಪತಿಗಳು ಕೆಮ್ಮಿ, ಮತ್ತೆ ಫೋನು ಕೆದಕತೊಡಗಿದರು.

ಆಂಜಿನಮ್ಮನ ಯುದ್ಧವೇ ಬೇರೆ. ಹೋದ ವರ್ಷ ಚಿಕ್ಕಬಳ್ಳಾಪುರದ ರೇಷ್ಮೆ ಮೇಳದಲ್ಲಿ ಒಳ್ಳೆಯ ಗೂಡಿನ ಬಹುಮಾನ ಪಕ್ಕದ ಮನೆ ಅಮ್ಮಾಜಮ್ಮನಿಗೆ ಹೋಗಿತ್ತು. ಆಕೆ ಬಹುಮಾನದ ಹಿತ್ತಾಳೆ ಬಿಂದಿಗೆಯನ್ನು ಸೊಂಟಕ್ಕೇರಿಸಿ ದಿನಾ ಇವರ ಬಾಗಿಲ ಮುಂದೆಯೇ ನೀರಿಗೆ ಹೋಗುತ್ತಿದ್ದಳು! ಈ ಸಲ ಆಂಜಿನಮ್ಮ ತಾವೇ ಹುಳ ಸಾಕಿ, ಕಣ್ಣಲ್ಲಿ ಕಣ್ಣಿಟ್ಟು ಒಂದು ಬುಟ್ಟಿ ಗೂಡು ಆರಿಸಿದ್ದರು.

"ಇವನ್ನ ಮಾಳಿಗೆ ಮೇಲೆ ಸುಡುಬಿಸಿಲಿಗೆ ಹಾಕಿ. ಒಳಗಿನ ಹುಳ ಸಾಯ್ಬೇಕು. ಇಲ್ದಿದ್ರೆ ಚಿಟ್ಟೆಯಾಗಿ ಗೂಡು ತೂತು ಮಾಡ್ತವೆ. ನಾನು ತೊಂಡೇಬಾವಿಗೆ, ತಂಗಿ ಮನೆಗೆ ಹೋಗಿ ಒಂದು ವಾರ ಇದ್ದು ಬರ್ತೀನಿ. ಮರೀಬೇಡಿ!"

"ನನಗೆ ಹೇಳಿಕೊಡ್ತೀಯಾ?"

ಬುಟ್ಟಿ ಎತ್ತಿದ್ದೇ ತಡ, ಬೆಳ್ಳಗೆ ದುಂಡಗೆ ಒಂದೇ ಅಳತೆಯ ಗೂಡುಗಳು ಸಲಾಮು ಹೊಡೆದ ಹಾಗಾಯಿತು! ಕಾಲು ಮಾಳಿಗೆಗೆ ಹೋಗಲಿಲ್ಲ, ಹುಳ ಸಾಕಿ ಮುಗಿದು ಖಾಲಿಬಿದ್ದಿದ್ದ ಹುಳುಮನೆಗೆ ಹೋಯಿತು. ಗೂಡೊಂದಕ್ಕೆ ಹತ್ತು ಸೈನಿಕರ ಲೆಕ್ಕ. ಮುಂದೆ ನಾಲ್ಕು ಪಡೆ, ಹಿಂದೆ ಮೂರು, ಅದರ ಹಿಂದೆ ಮೂರು. ಹಿಪ್ಪುನೇರಳೆ ನೆಟ್ಟ ಹಾಗೆ ನಡುನಡುವೆ ಎಡೆ. ನೆಲದ ಮೇಲೆ ದಂಡು ಸರಿಸುವುದು, ಓಡಿಹೋಗಿ ಲ್ಯಾಪ್‌ಟಾಪಿನಲ್ಲಿ ಹಾಗೇ ನಿಲ್ಲಿಸುವುದು!

"ತಾತ, ಅಜ್ಜಿ ಬಿಸಿಲಿಗೆ ಹಾಕು ಅಂದಿದ್ರಲ್ಲ?" ಎಂದಳು ತನುಜ.

"ನಾಳೆ ಹಾಕಣ ಬಿಡಮ್ಮ. ಯುದ್ಧದ ನಡುವೆ ಸೈನಿಕರನ್ನ ಹಪ್ಪಳದಂಗೆ ಒಣಗಿಸೋ ಸೇನಾಪತಿ ಎಲ್ಲಾದ್ರೂ ಇದ್ದಾನಾ?"

ಆ ನಾಳೆ ಬರಲೇ ಇಲ್ಲ. ಗೆಲುವು ಬಂತು! ಒಂದು ಸಂಜೆ ತನುಜಳ ಸೈನ್ಯ ದಿಕ್ಕಾಪಾಲಾಯಿತು. ತಾತ ಹುಳುಮನೆಗೆ ಬೀಗ ಜಡಿದು, ಚಕ್ರವರ್ತಿಯ ಹಾಗೆ ಗೊರಕೆ ಹೊಡೆದರು.

ಬೆಳಿಗ್ಗೆ ಊರಿಂದ ಬಂದ ಆಂಜಿನಮ್ಮ ಬೀಗ ತೆಗೆದವರೇ ಕೂಗಿದರು, "ಅಯ್ಯೋ ದೇವುಡಾ!"

ಇಡೀ ದಂಡು ಗೂಡು ತೂತು ಮಾಡಿ ಆಚೆ ಬಂದಿತ್ತು! ಹಾರಲು ಬಾರದ ಚಿಟ್ಟೆಗಳು ರೆಕ್ಕೆ ಪಟಪಟ ಬಡಿಯುತ್ತ, ಕತ್ತಿ ಗುರಾಣಿ ಬಿಸಾಕಿ, ಜೋಡಿಜೋಡಿಯಾಗಿ ಸಂಸಾರ ಹೂಡಿದ್ದವು. ಮುಂದಿನ ಸಾಲಿನವು ಆಗಲೇ ಮೊಟ್ಟೆಯನ್ನೂ ಇಟ್ಟಿದ್ದವು.

"ಏನ್ರೀ ಇದು?"

"ದಂಡು... ಬಿಡಾರ ಹೂಡಿದೆ ಕಣೇ."

ಆಂಜಿನಮ್ಮ ತೂತುಬಿದ್ದ ಗೂಡನ್ನೆಲ್ಲ ಬುಟ್ಟಿಗೆ ಬಳಿದರು. ಇವರ ಗೂಡಿಲ್ಲದೆಯೇ ಮೇಳ ಮುಗಿಯಿತು. ಮಾರನೆಯ ದಿನ ಅಮ್ಮಾಜಮ್ಮ ಬಾಗಿಲ ಮುಂದೆ ಹಾದುಹೋದಳು, ಸೊಂಟದಲ್ಲೊಂದು ಬಿಂದಿಗೆ, ತಲೆಯ ಮೇಲೊಂದು!

ಮಧ್ಯಾಹ್ನ ತಟ್ಟೆ ಬಂತು.

"ಮೂರು ಮುದ್ದೆ ಹಾಕಿದೀನಿ, ಉಣ್ಣಿ."

ವೆಂಕಟರವಣಪ್ಪ ತಟ್ಟೆ ತಿರುಗಿಸಿ ತಿರುಗಿಸಿ ನೋಡಿದರು. "ಎರಡೇ ಇದಾವಲ್ಲೇ?"

"ಹೆಸರಿಗೆ ಮೂರು ಕಣ್ರೀ. ರೋಮಿನ ಲೆಕ್ಕ! ಬರೋ ವರ್ಷದ ಮೇಳದವರೆಗೂ ಹಿಂಗೇ."

ಮಿಕ್ಕ ಒಂದನ್ನು ಯಾರು ತಿಂದರು ಎಂದು ಕೇಳುವ ಧೈರ್ಯ ಮಾತ್ರ ರೋಮ್ ಗೆದ್ದ ಸೇನಾಪತಿಗೆ ಬರಲಿಲ್ಲ.