ಬೊಂಬೆಗಳ ಯಜಮಾನ

ಗಂಡಸಾದವನು ಸ್ವಂತ ಉದ್ಯಮ ಶುರು ಮಾಡುವುದು ಎಷ್ಟು ಸುಲಭ ಎನ್ನುವುದು ನನಗೆ ಒಂದೇ ಒಂದು ಭಾಷಣದಲ್ಲಿ ಅರ್ಥವಾಗಿಹೋಯಿತು!

ಗಿಂಡಿ ಬಡಾವಣೆಯಲ್ಲಿ ನಾನಿದ್ದ ಕಂಪನಿಯವರು ನಮ್ಮ ವಿಭಾಗವನ್ನೇ ಮುಚ್ಚಿ, ಕೈಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದ್ದರು. ಅಲ್ಲಿಂದಾಚೆ ಮೈಲಾಪೂರಿನ ನಮ್ಮ ಹಳೇ ಫ್ಲ್ಯಾಟಿನಲ್ಲಿ ಅಂಗಾತ ಮಲಗಿ ಫ್ಯಾನ್ ನೋಡುವುದೇ ನನ್ನ ಕಾರ್ಯಭಾರ. ಹೆಂಡತಿ ಪದ್ಮ ಸ್ಕೂಲಿನಲ್ಲಿ ಗಣಿತ ಟೀಚರ್. ಒಂದು ದಿನ ಬ್ಯಾಗು ಹೆಗಲಿಗೆ ಹಾಕಿಕೊಂಡವಳು ಬಾಗಿಲಲ್ಲೇ ನಿಂತಳು.

“ರೀ, ಏನಾದ್ರೂ ಮಾಡಿ. ನಷ್ಟ ಆದ್ರೂ ಪರವಾಗಿಲ್ಲ. ಹೀಗೆ ಕಣ್ಣು ಬಿಟ್ಕೊಂಡು ಮಲಗಬೇಡಿ. ಬಾಗಿಲು ತೆಗೆಯುವಾಗ ದಿನಾ ನನಗೆ ಭಯ ಆಗತ್ತೆ.”

ಆ ಮಾತು ನಾಟಿತು. ಆ ಭಾನುವಾರವೇ ಬಡಾವಣೆಯ ಹಾಲಿನಲ್ಲಿ ‘ಪುರುಷರಿಗೆ ಸ್ವಾವಲಂಬನೆ’ ಎಂಬ ಭಾಷಣ. ಸೆಕೆಯಲ್ಲೂ ಕೋಟು ಹಾಕಿದ್ದ ಭಾಷಣಕಾರರು “ಕೆಲಸ ಕೇಳಬೇಡಿ, ಕೆಲಸ ಕೊಡಿ!” ಎಂದು ಗುಡುಗಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಮನೆಗೆ ಬಂದು ಘೋಷಿಸಿದೆ:

“ಪದ್ಮಾ, ಇಂದಿನಿಂದ ನಾನು ಸ್ವಾವಲಂಬಿ!”

“ಒಳ್ಳೇದಾಯ್ತು. ಕಾಫಿ ನೀವೇ ಮಾಡ್ಕೊಳ್ಳಿ.”

ಉದ್ಯಮದ ಯೋಚನೆಯೂ ತಾನಾಗಿ ಬಂತು. ಊರಲ್ಲಿ ಬೀದಿಗೊಂದು ಬಟ್ಟೆ ಅಂಗಡಿ ತೆರೆಯುತ್ತಿದೆ. ಸೀರೆ ಉಡಿಸಿ ನಿಲ್ಲಿಸಲು ಅಂಗಡಿಯವರಿಗೆಲ್ಲ ಬೊಂಬೆ ಬೇಕು. ಬಾಡಿಗೆಗೆ ಕೊಡುವವರು ಯಾರು? ನಾನು!

ಮುಚ್ಚಿಹೋಗುತ್ತಿದ್ದ ಹಳೇ ಜವಳಿ ಅಂಗಡಿಯೊಂದು ಸಿಕ್ಕಿತು. ಅದರ ಮುದಿ ಮಾಲೀಕರು ಬೊಂಬೆಗಳನ್ನು ಪುಕ್ಕಟೆ ಕೊಡಲು ಒಪ್ಪಿಬಿಟ್ಟರು. ಚೌಕಾಸಿಗೆ ತಯಾರಾಗಿ ಹೋಗಿದ್ದ ನನಗೆ ನಿರಾಸೆಯೇ ಆಯಿತು. ಅವರದು ಒಂದೇ ಷರತ್ತು.

“ತಗೊಂಡು ಹೋಗಿ ಸಾರ್. ತಿರುಗಿ ಮಾತ್ರ ತರಬೇಡಿ.”

“ಯಾಕೆ?”

ಅವರು ಅಂಗಡಿಯ ಮೂಲೆಯತ್ತ ನೋಡಿದರು. ಗಲ್ಲದ ಚೂರು ಎದ್ದುಹೋಗಿದ್ದ ಒಂದು ಹೆಣ್ಣುಬೊಂಬೆ ಅಲ್ಲಿ ನಮ್ಮಿಬ್ಬರ ಮಾತು ಕೇಳುತ್ತಾ ನಿಂತಿತ್ತು. ಕೇಳುತ್ತಾ ಎಂದರೆ, ಹಾಗೆ ಕಂಡಿತು.

ಬೊಂಬೆಗಳು ನಮ್ಮ ಮುಂದಿನ ಕೋಣೆಯಲ್ಲಿ ತುಂಬಿಕೊಂಡವು. ಪದ್ಮ ಹಳೇ ಪಂಚೆಗಳನ್ನು ಹೊದಿಸಿದಳು. ಹಾಗೆ ಮಾಡಬಾರದಿತ್ತು. ಬರೀ ಬೊಂಬೆಗಿಂತ ಪಂಚೆ ಹೊದ್ದು ಬೆರಳು ಮಾತ್ರ ಆಚೆ ಬಿಟ್ಟುಕೊಂಡ ಬೊಂಬೆ ಹೆಚ್ಚು ಭಯಂಕರ! ಮನೆಯೆಲ್ಲ ನುಸಿಗುಳಿಗೆಯ ವಾಸನೆ. ನಾನು ಅವುಗಳ ಮುಖವನ್ನು ಗೋಡೆ ಕಡೆ ತಿರುಗಿಸಿಟ್ಟೆ.

ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುತ್ತೇನೆ, ಗಲ್ಲ ಮುರಿದವಳ ಪಂಚೆ ನೆಲದಲ್ಲಿದೆ. ಅವಳು ನನ್ನ ಕಡೆ ತಿರುಗಿದ್ದಾಳೆ.

ಮನೆಯಲ್ಲಿ ನಾನೊಬ್ಬನೇ. ನಾನು ಮತ್ತೆ ಗೋಡೆಗೆ ತಿರುಗಿಸಿದೆ. ಮರುದಿನ ಮತ್ತೆ ಈಚೆಗೆ. ಹೀಗೇ ನಡೆಯಿತು. ಸ್ವಾವಲಂಬಿಯಾದ ನಾನು ಬಚ್ಚಲಿಗೆ ಹೋಗುವಾಗಲೂ ಹಾಡು ಹೇಳಿಕೊಂಡು ಹೋಗತೊಡಗಿದೆ.

ಒಂದು ಸಂಜೆ ಎದುರುಮನೆಯ ಕಲ್ಯಾಣಿ ಮಾಮಿ ಪದ್ಮನನ್ನು ಮೆಟ್ಟಿಲಲ್ಲೇ ತಡೆದರು. “ನಿಮ್ಮಾತ್ತುಗೆ, ನಿಮ್ಮನೆಗೆ, ಬಂದಿರೋದು ಯಾರು ಪದ್ಮಾ? ಕಿಟಕಿಯಿಂದ ತಲೆ ಆಡಿಸ್ತಾಳೆ. ಮಾತಾಡಿಸಿದ್ರೆ ಬಾಯೇ ಬಿಡಲ್ಲ. ರೊಂಬ ಗರ್ವಂ!”

ಪದ್ಮ ಒಳಗೆ ಬಂದು ನನ್ನನ್ನೂ ಗಲ್ಲ ಮುರಿದವಳನ್ನೂ ಒಮ್ಮೆ ನೋಡಿದಳು. ಆಮೇಲೆ ಗಣಿತದ ಟೀಚರಿನ ದನಿಯಲ್ಲಿ ಹೇಳಿದಳು.

“ಹಿಂದೆ ಟ್ರೇನಿನ ಸೇತುವೆ ಇದೆ. ಟ್ರೇನ್ ಹೋದಾಗೆಲ್ಲ ಈ ಹಳೇ ಕಟ್ಟಡ ನಡುಗತ್ತೆ. ಬೊಂಬೆಯ ಕೆಳಗಿರೋದು ದುಂಡನೆ ಪೀಠ. ತಿರುಗದೆ ಇನ್ನೇನು ಮಾಡತ್ತೆ? ಕುತ್ತಿಗೆ ಸಡಿಲ, ಅದಕ್ಕೇ ತಲೆ ಆಡಿಸತ್ತೆ.”

ನನ್ನ ಎದೆಯಿಂದ ಬಂಡೆ ಇಳಿಯಿತು. ವಿಜ್ಞಾನಕ್ಕೆ ಜಯವಾಗಲಿ!

“ಆದ್ರೆ ಪದ್ಮಾ, ನೆನ್ನೆ ಇವಳು ಅಡುಗೆಮನೆ ಬಾಗಿಲ ಹತ್ತಿರ ಇದ್ದಳಲ್ಲ? ನಡುವೆ ಹೊಸ್ತಿಲು ಇದೆಯಲ್ಲ?”

ಪದ್ಮ ಬೇಗ ಬೇಗ ದೇವರ ದೀಪ ಹಚ್ಚಿದಳು.

ಅಷ್ಟರಲ್ಲಿ ಮೊದಲ ಗಿರಾಕಿ ಸಿಕ್ಕಿದರು. ಪೋರೂರಿನಲ್ಲಿ ಮದುವೆ ಸೀರೆಗಳ ಅಂಗಡಿ ತೆರೆಯುತ್ತಿದ್ದ ಸುಜಾತಾ ಎಂಬ ಹೆಂಗಸು. ಉದ್ಘಾಟನೆಗೆ ಎಲ್ಲಾ ಬೊಂಬೆಗಳೂ ಬೇಕು! ನಾನು ಪದ್ಮನ ಮುಂದೆ ಎದೆಯುಬ್ಬಿಸಿದೆ. ಕಂಪನಿ ಬಿಟ್ಟ ಮೇಲೆ ಅವಳು ನನ್ನನ್ನು ನೋಡಿ ನಕ್ಕಿದ್ದು ಅದೇ ಮೊದಲು. ಆ ನಗುವಿಗಾಗಿ ನಾನು ದೆವ್ವಗಳನ್ನು ಬೇಕಾದರೂ ಬಾಡಿಗೆಗೆ ಕೊಡುತ್ತಿದ್ದೆ.

ಮಿಕ್ಕವು ಟೆಂಪೋದಲ್ಲಿ ಹೋದವು. ಕುತ್ತಿಗೆ ಸಡಿಲವಿದ್ದ ಇವಳನ್ನು ಮಾತ್ರ ಪದ್ಮನ ಸೀರೆ ಉಡಿಸಿ, ಆಟೋದಲ್ಲಿ ನನ್ನ ಪಕ್ಕ ಒರಗಿಸಿ ಕೂರಿಸಿಕೊಂಡೆ. ಆಟೋದವನು ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

“ಸಾರ್, ಅಮ್ಮಾಗೆ ಉಡಂಬು, ಮೈ ಸರಿ ಇಲ್ಲವಾ?”

“ಇಲ್ಲಪ್ಪ, ಅವಳು ಹಾಗೇ.”

“ಗಿಂಡಿಯಿಂದ ಕಣ್ಣೇ ಮಿಟುಕಿಸಿಲ್ಲ ಸಾರ್.”

“ಅವಳಿಗೆ ಜೀವ ಇಲ್ಲಪ್ಪ” ಎಂದೆ, ನಿಜವನ್ನೇ.

ಆಟೋ ಬಾಣದಂತೆ ಹಾರಿತು! ನಿಂತದ್ದು ಪೋರೂರಿನ ಒಂದು ಆಸ್ಪತ್ರೆಯ ತುರ್ತು ಬಾಗಿಲಲ್ಲಿ. ಸ್ಟ್ರೆಚರ್ ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಓಡಿಬಂದು ನಾಡಿ ಹಿಡಿದಳು. ಬೊಂಬೆಯ ಕೈ ಭುಜದಿಂದ ಕಳಚಿ ಅವಳ ಕೈಗೇ ಬಂತು. ನರ್ಸಮ್ಮ ಅದನ್ನು ಹಿಡಿದುಕೊಂಡೇ ಮೆಲ್ಲಗೆ ಕುಸಿದು ಕೂತಳು. ಸ್ಟ್ರೆಚರಿಗೆ ಆಕೆಯೇ ಗಿರಾಕಿಯಾದಳು!

ಆಕೆ ಚೇತರಿಸಿಕೊಳ್ಳುವವರೆಗೂ ನಿಂತು, ಎಲ್ಲರ ಬೈಗುಳ ತಿಂದು ಹೊರಟೆ. ಉದ್ಘಾಟನೆಗೆ ಹೊತ್ತಾಗುತ್ತಿತ್ತು. ಸಡಿಲ ಕುತ್ತಿಗೆಗೆಂದು ಜೇಬಿನಲ್ಲಿ ಇಟ್ಟುಕೊಂಡಿದ್ದ ಮೇಣ ಕರಗಿಸಿ ಕೈಯನ್ನೂ ಕುತ್ತಿಗೆಯನ್ನೂ ಅಂಟಿಸಿಬಿಟ್ಟೆ. ಸ್ವಾವಲಂಬಿಗೆ ಮೆಕ್ಯಾನಿಕ್ ಯಾಕೆ?

ಅಂಗಡಿ ಜಗಜಗಿಸುತ್ತಿತ್ತು. ಇವಳಿಗೆ ಕೆಂಪು ಧಾರೆ ಸೀರೆ ಉಡಿಸಿ, ಸ್ವಾಗತಿಸುವಂತೆ ಕೈ ಎತ್ತಿಸಿ ದೀಪದ ಪಕ್ಕದಲ್ಲೇ ನಿಲ್ಲಿಸಿದರು. ಮುಖ್ಯ ಅತಿಥಿಯಾಗಿ ಡಾಕ್ಟರಮ್ಮ ಒಬ್ಬರು ಬಂದರು. ಅವರು ಕೊನೆಯ ಬತ್ತಿ ಹಚ್ಚಲು ಬಾಗಿದ ಕ್ಷಣವೇ ಕರೆಂಟು ಹೋಯಿತು. ಎ.ಸಿ. ನಿಂತಿತು. ದೀಪಗಳ ಬೆಳಕಿನಲ್ಲಿ ಬೊಂಬೆಗಳ ನೆರಳು ಗೋಡೆಯ ಮೇಲೆ ಒಂದಾಗಿ ಎದ್ದು ನಿಂತಿತು. ಸೆಕೆ ಏರಿತು.

ಇವಳ ಕೈ ನಿಧಾನವಾಗಿ, ಬಹಳ ನಿಧಾನವಾಗಿ ಇಳಿಯತೊಡಗಿತು. ತಣ್ಣನೆಯ ಬೆರಳುಗಳು ಡಾಕ್ಟರಮ್ಮನ ಹೆಗಲ ಮೇಲೆ ಕೂತವು.

“ಒಂದು ನಿಮಿಷ ಇರಮ್ಮ” ಎಂದರು ಅವರು, ತಿರುಗದೆ.

ಬೆರಳುಗಳು ಹೆಗಲಿಂದ ತೋಳಿಗೆ ಜಾರಿದವು. ಡಾಕ್ಟರಮ್ಮ ತಿರುಗಿದರು. ಇವಳು ಹೌದೆನ್ನುವಂತೆ ತಲೆ ಬಾಗಿಸಿದಳು. ಇನ್ನೂ ಬಾಗಿಸಿದಳು. ತಲೆ ಕಳಚಿ ಉರುಳಿ ಅವರ ಪಾದದ ಬಳಿ ನಿಂತಿತು, ಮುಖ ಮೇಲಾಗಿ.

ಆಮೇಲೆ ಎದ್ದ ಚೀತ್ಕಾರ ಮೈಲಾಪೂರಿಗೂ ಕೇಳಿಸಿರಬೇಕು! ಜನ ಬಾಗಿಲಿಗೆ ನುಗ್ಗಿದರು. ಅವರಿಗೆ ಧೈರ್ಯ ತುಂಬುವುದು ಉದ್ಯಮಿಯ ಧರ್ಮವೆಂದು ನಾನು ಆ ತಲೆಯನ್ನು ಎತ್ತಿ ಹಿಡಿದು ಕೂಗಿದೆ:

“ಹೆದರಬೇಡಿ! ಇವಳು ನಮ್ಮನೆಯವಳು!”

ಉಳಿದಿದ್ದವರೂ ಓಡಿಹೋದರು.

ಸುಜಾತಾ ಬೊಂಬೆಗಳನ್ನೆಲ್ಲ ಟೆಂಪೋಗೆ ಹತ್ತಿಸಿ ನನ್ನ ಜೊತೆಗೇ ಕಳಿಸಿದರು. ಆ ಅಂಗಡಿಗೆ ಎಷ್ಟೋ ದಿನ ಯಾರೂ ಕಾಲಿಡಲಿಲ್ಲವಂತೆ. ನನಗೆ ನಿದ್ದೆ ಬರಲಿಲ್ಲ. ಪದ್ಮ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. “ಹೋಗಿ ಕ್ಷಮೆ ಕೇಳಿ. ಅವರಿಗೆ ಏನು ಸಹಾಯ ಬೇಕೋ ಮಾಡಿ” ಎಂದಳು ಅಷ್ಟೇ.

ಹೋದೆ. ಸುಜಾತಾ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

“ಗಂಡಸರ ವಿಭಾಗ ತೆಗೀತಿದ್ದೀನಿ ಸಾರ್. ಇನ್ನು ಬೊಂಬೆ ಇಟ್ಟರೆ ಈ ಬೀದಿಗೇ ಜನ ಬರಲ್ಲ. ಜೀವ ಇರೋರು ಒಬ್ಬರು ಬೇಕು. ರೇಷ್ಮೆ ಪಂಚೆ ಉಟ್ಟು ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಕು. ಸಂಬಳ ಕೊಡ್ತೀನಿ.”

ಕೆಲಸ ಕೊಡಲು ಹೊರಟವನು ಕೆಲಸ ಒಪ್ಪಿಕೊಂಡೆ. ಈಗ ಜರಿ ಅಂಚಿನ ಪಂಚೆ, ಶಲ್ಯ, ಪೇಟ ತೊಟ್ಟು ಪೋರೂರಿನಲ್ಲಿ ನಿಲ್ಲುತ್ತೇನೆ. ಕೆಲಸ ಕಷ್ಟವಿಲ್ಲ. ಸ್ವಲ್ಪ ದಿನದಲ್ಲೇ ಅಲುಗಾಡದೆ ನಿಲ್ಲುವುದು ಅಭ್ಯಾಸವಾಗಿಹೋಯಿತು. ಕಣ್ಣು ಮಿಟುಕಿಸುವುದೂ ಕಡಿಮೆಯಾಗಿದೆ ಎಂದು ಪದ್ಮ ಹೇಳುತ್ತಾಳೆ.

ಮೊನ್ನೆ ಅಜ್ಜಿಯೊಬ್ಬರು ಬಂದು ನನ್ನ ಶಲ್ಯ ಮುಟ್ಟಿ ನೋಡಿದರು, ಪಂಚೆಯ ಅಂಚು ತಿರುವಿ ನೋಡಿದರು, ಕೆನ್ನೆಯನ್ನೂ ಒಮ್ಮೆ ಒತ್ತಿ ನೋಡಿದರು. ನಾನು ಕರ್ತವ್ಯನಿಷ್ಠನಾಗಿ ಮಿಸುಕದೆ ನಿಂತಿದ್ದೆ. ಅವರು ಒಳಗೆ ತಿರುಗಿ ಸುಜಾತಾಗೆ ಕೂಗಿ ಹೇಳಿದರು:

“ಬಟ್ಟೆ ಚೆನ್ನಾಗಿದೆಯಮ್ಮ. ಬೊಂಬೆ ಮಾತ್ರ ಬದಲಾಯಿಸು, ತುಂಬಾ ಹಳೇದಾಗಿದೆ!”