ಕಂಚಿನ ಹೆಂಗಸಿಗೆ ವಾಟೆಹುಳಿ

ಚಟ ಅಂಟಿಸಿಕೊಳ್ಳುವುದಾದರೆ ನಾಲ್ಕು ಜನಕ್ಕಿರುವ ಚಟವನ್ನೇ ಅಂಟಿಸಿಕೊಳ್ಳಬೇಕು. ಇಸ್ಪೀಟಾಗಿದ್ದರೆ ಬಾಳೂರಿನಲ್ಲಿ ನನಗೆ ಜೊತೆಗಾರರ ಬರವಿರುತ್ತಿರಲಿಲ್ಲ. ನಾನು ಹಿಡಿದದ್ದು ಕಳೆದ ಶತಮಾನದ ಮೆಕ್ಸಿಕೋ ದೇಶದ ಕಂಚಿನ ನಾಣ್ಯ ಕೂಡಿಡುವ ಚಟ. ಕಾಫಿ ಎಸ್ಟೇಟಿನಲ್ಲಿ ರೈಟರ್ ನಾನು. ಹಗಲೆಲ್ಲ ಆಳುಗಳ ಹಾಜರಿ ಬರೆದು, ಸಂಜೆ ಕ್ವಾರ್ಟರ್ಸಿನಲ್ಲಿ ಒಬ್ಬನೇ ಭೂತಗನ್ನಡಿ ಹಿಡಿದು ಕೂರುತ್ತೇನೆ. ಮೆಕ್ಸಿಕೋನೇ ಯಾಕೆ ಎಂದು ಕೇಳಿದರೆ ಅರ್ಧ ಗಂಟೆಯ ಉತ್ತರ ಸಿದ್ಧವಿದೆ. ಕೇಳಿದವರಿಲ್ಲ. ಬಂದವರದು ಒಂದೇ ಪ್ರಶ್ನೆ: "ಮಾರಿದ್ರೆ ಎಷ್ಟು ಸಿಗುತ್ತೆ ಮಾರಾಯ?" ಹೆಚ್ಚೇನೂ ಸಿಗುವುದಿಲ್ಲ ಎಂದರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ.

ಹಳೆಯ ಕಂಚಿನ ಮರ್ಯಾದೆಯೆಲ್ಲ ಅದರ ಮೈಮೇಲೆ ವರ್ಷಗಟ್ಟಲೆ ಕೂತ ಕಂದುಗಪ್ಪು ಬಣ್ಣದಲ್ಲಿದೆ. ತಿಕ್ಕಿ ತೊಳೆದರೆ ಸಂಗ್ರಹಕಾರನ ಪಾಲಿಗೆ ಅದು ಸತ್ತ ಹಾಗೆ. ಇದನ್ನು ನಾನು ಗಿರಿಜಕ್ಕನಿಗೆ ಹೇಳಿರಲಿಲ್ಲ. ಗಿರಿಜಕ್ಕ ಪಕ್ಕದ ಮನೆಯವರು, ಮೇಸ್ತ್ರಿಯ ಹೆಂಡತಿ, ನನಗೆ ಅಡುಗೆ ಮಾಡಿಕೊಡುವವರು. ಆಯುಧಪೂಜೆಯ ದಿನ ನಮ್ಮ ಎಸ್ಟೇಟಿನಲ್ಲಿ ಕತ್ತಿ, ಕಾಫಿ ಹಣ್ಣು ಸುಲಿಯುವ ಪಲ್ಪರ್, ಸ್ಪ್ರೇಯರ್, ಜೀಪು ಎಲ್ಲವೂ ಮೈ ತೊಳೆಸಿಕೊಂಡು ಕುಂಕುಮ ಇಡಿಸಿಕೊಳ್ಳುತ್ತವೆ. ಮಧ್ಯಾಹ್ನ ಜೀಪಿನ ಪೂಜೆ ಮುಗಿಸಿ ಮನೆಗೆ ಬಂದರೆ, ನನ್ನ ನಲವತ್ತು ನಾಣ್ಯಗಳೂ ಪಾತ್ರೆ ಬೆಳಗುವ ವಾಟೆಹುಳಿಯಲ್ಲಿ ಉಜ್ಜಿಸಿಕೊಂಡು, ಹೊಸ ಚೆಂಬಿನಂತೆ ಥಳಥಳಿಸುತ್ತ, ಹಣೆಗೆ ಕುಂಕುಮ ಇಟ್ಟುಕೊಂಡು ಮಣೆಯ ಮೇಲೆ ಸಾಲಾಗಿ ಕೂತಿದ್ದವು.

"ನೀವು ದಿನಾ ಕೈಯಲ್ಲಿ ಹಿಡಿಯೋದು ಇದೇ ಅಲ್ವಾ? ನಿಮ್ಮ ಆಯುಧ ಇದೇ ಅಂದ್ಕಂಡೆ," ಎಂದರು ಗಿರಿಜಕ್ಕ. ಆಮೇಲೆ ಐದು ಸೆಂಟಾವೋದ ನಾಣ್ಯವೊಂದನ್ನು ಎತ್ತಿ, ಅದರ ಮೇಲಿನ ಹೆಂಗಸಿನ ಮುಖ ನೋಡುತ್ತ, "ಇವ್ರು ಯಾರು? ತುರುಬು ಎಷ್ಟು ಚಂದ ಕಟ್ಕಂಡಿದ್ದಾರೆ!" ಎಂದರು.

"ಯಾರಾದ್ರೆ ನಿಮಗೇನು? ಎಲ್ಲ ಹಾಳು ಮಾಡಿದ್ರಲ್ಲ!" ಎಂದು ಕೂಗಿಬಿಟ್ಟೆ.

ಗಿರಿಜಕ್ಕ ನಾಣ್ಯವನ್ನು ಮೆಲ್ಲಗೆ ಮಣೆಯ ಮೇಲಿಟ್ಟು ಹೊರಟುಹೋದರು. ಹನ್ನೊಂದು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆಯನ್ನು ಒಬ್ಬರು ಕೊನೆಗೂ ಕೇಳಿದ್ದರು ಎಂಬುದು ಆಮೇಲೆ ನನ್ನ ಮಂಡೆಗೆ ಹತ್ತಿತು. ಎರಡು ದಿನ ಅವರು ಬರಲಿಲ್ಲ. ನಾನೇ ಬೇಯಿಸಿದ ಅನ್ನವನ್ನು ನಾಯಿಯೂ ಮೂಸಿ ಬಿಟ್ಟಿತು. ನಾಣ್ಯ ಹಾಳಾದದ್ದಕ್ಕೆ ಬರದ ಅಳು, ನನ್ನ ಮನೆಯಲ್ಲಿ ಒಂದು ಮಾತೂ ಇಲ್ಲದ್ದಕ್ಕೆ ಬಂತು.

ಮೂರನೆಯ ದಿನ ಅದೇ ನಾಣ್ಯ ಹಿಡಿದು ಅವರ ಬಾಗಿಲಿಗೆ ಹೋದೆ. "ತಪ್ಪಾಯ್ತು ಗಿರಿಜಕ್ಕ. ಇವ್ರು ಯಾರು ಅಂತ ಹೇಳೋಕೆ ಬಂದೆ," ಎಂದೆ. ಕೂರಲು ಕುರ್ಚಿ ಎಳೆದು ಕೊಟ್ಟರು. ಹೇಳಿದೆ: ಆಕೆ ತನ್ನ ದೇಶದ ಸ್ವಾತಂತ್ರ್ಯಕ್ಕಾಗಿ ಗುಟ್ಟಾಗಿ ದುಡಿಯುತ್ತಿದ್ದವಳು. ಗುಟ್ಟು ರಟ್ಟಾದಾಗ ಗಂಡ ಅವಳನ್ನು ಕೋಣೆಗೆ ಹಾಕಿ ಬೀಗ ಜಡಿದ. ಆಕೆ ಕಾಲಿನಿಂದ ನೆಲ ಕುಟ್ಟಿ, ಕೆಳಗಿನ ಅಂತಸ್ತಿನಲ್ಲಿದ್ದವನನ್ನು ಕರೆದು, ಸಂಗಾತಿಗಳಿಗೆ ಸುದ್ದಿ ಮುಟ್ಟಿಸಿದಳಂತೆ.

ಗಿರಿಜಕ್ಕ ಒಲೆಯ ಮೇಲಿನ ಸಾರನ್ನೂ ಮರೆತು ಪೂರ್ತಿ ಕೇಳಿದರು. ಆಮೇಲೆ ನನ್ನನ್ನೇ ನೋಡುತ್ತ, "ನಮ್ಗೂ ನಿಮ್ಗೂ ನಡುವೆ ಇರೋದು ಒಂದೇ ಗೋಡೆ. ಇಷ್ಟು ವರ್ಷದಲ್ಲಿ ನೀವೂ ಒಂದ್ಸಲ ಕುಟ್ಟಬಾರ್ದಿತ್ತಾ?" ಎಂದರು.

ನನ್ನ ಬಾಗಿಲಿಗೆ ಹೊರಗಿನಿಂದ ಯಾರೂ ಬೀಗ ಹಾಕಿರಲಿಲ್ಲ.