ಬ್ಯಾಟರಿಗೆ ಮಿಸುಕದ ಫ್ಯಾನು

ಅಂದು ಮಧ್ಯಾಹ್ನ ಮಳವಳ್ಳಿ ಕಡೆಯ ನಮ್ಮಕ್ಕನ ಹುಳುಮನೆಯಲ್ಲಿ ಇದ್ದವರು ಅಕ್ಕ, ಭಾವ, ನಾನು, ಜೊತೆಗೆ ತಟ್ಟೆ ತುಂಬ ಸೊಪ್ಪು ಮೇಯುತ್ತಿದ್ದ ರೇಷ್ಮೆ ಹುಳುಗಳು. ಇಷ್ಟು ಜನರಲ್ಲಿ ಹೆಚ್ಚು ಓದಿದವನು ನಾನೊಬ್ಬನೇ. ಮದ್ದೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮಂಥವರಿಗೆ ಒಂದು ಚಟವುಂಟು. ಕಷ್ಟಕ್ಕೆ ಪರಿಹಾರ ತಿಳಿಯದಿದ್ದರೂ ಕಾರಣ ವಿವರಿಸದೆ ಇರಲಾರೆವು.

ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಕಿಟಕಿಯಲ್ಲಿ ಗಾಳಿಯ ಸುಳಿವಿಲ್ಲ. ನಾಳೆ ನಾಡಿದ್ದರಲ್ಲಿ ಗೂಡು ಕಟ್ಟಬೇಕಾದ ಹುಳು. ಸೆಕೆಗೆ ರೋಗ ಬಿದ್ದರೆ ಬೆಳೆಯೆಲ್ಲ ತಿಪ್ಪೆಗೇ. ಅಕ್ಕ ಮೊರದಲ್ಲಿ ಬೀಸಿ ಬೀಸಿ ಸೋತಿದ್ದಳು. ಭಾವ ತಮ್ಮ ಲಗೇಜ್ ಆಟೋದ ಬ್ಯಾಟರಿ ಬಿಚ್ಚಿ ತಂದು, ಅದಕ್ಕೆ ಟೇಬಲ್ ಫ್ಯಾನಿನ ವೈರು ಸಿಕ್ಕಿಸಿದರು. ಫ್ಯಾನು ಮಿಸುಕಲಿಲ್ಲ.

ನನಗೆ ಅಷ್ಟೇ ಸಾಕಾಯಿತು. "ಭಾವ, ಬ್ಯಾಟರಿದು ಜೋರೂ ಸಾಲದು, ಜಾತಿಯೂ ಬೇರೆ. ಅದರ ಕರೆಂಟು ಒಂದೇ ಕಡೆಗೆ ಹರಿಯುತ್ತೆ. ಮನೆ ಕರೆಂಟು ಹಿಂದಕ್ಕೂ ಮುಂದಕ್ಕೂ ಓಡಾಡ್ತಾ ಇರುತ್ತೆ. ಈ ಫ್ಯಾನಿಗೆ ಓಡಾಡೋ ಕರೆಂಟೇ ಬೇಕು" ಎಂದೆ.

ಭಾವ ಬೆವರು ಒರೆಸಿಕೊಂಡು, "ಅಲ್ಲಾ ಮೇಷ್ಟ್ರೇ, ರೆಕ್ಕೆ ತಿರುಗಾದು ಒಂದೇ ಕಡೀಕೆ ತಾನೆ? ಅದಕ್ಯಾಕೆ ಇಂದಕ್ಕೂ ಮುಂದಕ್ಕೂ ಓಡಾಡೋ ಕರೆಂಟು?" ಎಂದರು.

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಪರೀಕ್ಷೆಗೂ ಬಂದಿರಲಿಲ್ಲ. "ಅದು... ಒಳಗೆ ಸುರುಳಿ ಇರುತ್ತಲ್ಲ..." ಎಂದು ನಾನು ತಡವರಿಸುವಾಗ ಅಕ್ಕ ಗದರಿದಳು: "ಲೇ, ಪಾಠ ಆಮೇಲ್ ಮಾಡೀವಂತೆ ಬುಡ್ಲಾ. ಉಳ ಸಾಯ್ತಾವೆ ಇಲ್ಲಿ!"

ಭಾವ ಆಟೋದಲ್ಲಿ ತಮ್ಮ ಮುಖದೆದುರು ಇಟ್ಟುಕೊಂಡಿದ್ದ ಪುಟ್ಟ ಫ್ಯಾನನ್ನು ಬಿಚ್ಚಿ ತಂದರು. ಅದು ಬ್ಯಾಟರಿಯಲ್ಲೇ ಓಡುವಂಥದ್ದು. ಇದ್ದಬದ್ದ ಮರ್ಯಾದೆ ಉಳಿಸಿಕೊಳ್ಳಲು ವೈರು ನಾನೇ ಜೋಡಿಸಿದೆ. ತಿರುಗಿತು, ಆದರೆ ಉಲ್ಟಾ. ವೈರು ಅದಲುಬದಲು ಮಾಡಿದ ಮೇಲೆ ಹುಳುಗಳ ಕಡೆಗೆ ಬೀಸಿತು.

"ಒಂದೇ ಕಡೆ ಹರಿಯೋದು ಎಲ್ಡು ಕಡೀಕೂ ತಿರುಗುಸ್ತದೆ, ಎಲ್ಡು ಕಡೆ ಓಡಾಡೋದು ಒಂದೇ ಕಡೀಕೆ ತಿರುಗುಸ್ತದೆ. ಚೆನ್ನಾಗದೆ ಬುಡಿ ನಿಮ್ ಇಜ್ಞಾನ!" ಭಾವ ನಕ್ಕರು.

ಸಂಜೆ ಕರೆಂಟು ಬರುವವರೆಗೂ ಆ ಫ್ಯಾನು ಹಿಡಿದು ತಟ್ಟೆಯಿಂದ ತಟ್ಟೆಗೆ ಓಡಾಡಿದವನು ನಾನು. ಎರಡು ಕರೆಂಟಿನ ಹೆಸರೂ ನನಗೆ ಬಾಯಿಪಾಠ. ಒಂದನ್ನಾದರೂ ನಿಲ್ಲಿಸಿ ಮಾತನಾಡಿಸಿರಲಿಲ್ಲವಲ್ಲ ಎನ್ನಿಸಿತು.

ಮೂರನೆಯ ದಿನ ಹುಳುಗಳು ಮೇವು ಬಿಟ್ಟು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರಿದವು. ನೋಡಲು ಹೋದೆ. ಒಂದು ಹುಳು ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಲೇ ಇತ್ತು. ಬಾಯಿಂದ ನೂಲು ಮಾತ್ರ ಕಡಿಯದೆ, ಒಂದೇ ಸಮನೆ ಬರುತ್ತಿತ್ತು.

"ಇದ್ಯಾವ್ ಕರೆಂಟ್ಲಾ?" ಅಂದಳು ಅಕ್ಕ.

ನಾನು ಕಾಫಿ ಕೇಳಿದೆ.